‘ನಾಲ್ಕನೆಯ ತಲೆಮಾರು’: ಒಂದು ಪಾರಿಭಾಷಿಕ ಶಬ್ದದ ಅರ್ಥವಿಚಾರ

೧

ಶಬ್ದಗಳಲ್ಲಿ ಕೆಲವು ಲೋಕದಲ್ಲಿ ಹುಟ್ಟಿ ಶಾಸ್ತ್ರಕ್ಕೆ ಏರುತ್ತವೆ; ಕೆಲವು ಶಾಸ್ತ್ರದಲ್ಲಿ ಹುಟ್ಟಿ ಲೋಕಕ್ಕೆ ಇಳಿಯುತ್ತವೆ. ಎರಡನೆಯ ಬಗೆಯವು ಹಾಗೆ ಇಳಿಯುವಾಗ ತಮ್ಮ ಅರ್ಥದಲ್ಲಿ ಎಷ್ಟನ್ನು ಉಳಿಸಿಕೊಳ್ಳುತ್ತವೆ, ಎಷ್ಟನ್ನು ಕಳೆದುಕೊಳ್ಳುತ್ತವೆ ಎಂಬುದು ಭಾಷಾವಿಚಾರ ಮಾಡುವವರಿಗೆ ಸ್ವಾರಸ್ಯವಾದ ಪ್ರಶ್ನೆ. ಬಹುಮಟ್ಟಿಗೆ ಈ ಬದಲಾವಣೆ ಶತಮಾನಗಳ ಕೆಲಸವಾದುದರಿಂದ, ಅದು ಯಾವಾಗ, ಯಾರಿಂದ, ಯಾವ ಪ್ರಯೋಜನಕ್ಕಾಗಿ ಆಯಿತೆಂಬುದನ್ನು ನಾವು ಶಾಸನಗಳಿಂದಲೂ ಕಾವ್ಯಪ್ರಯೋಗಗಳಿಂದಲೂ ಊಹಿಸಬೇಕಾಗುತ್ತದೆ. ಆದರೆ ಈಚಿನ ಕಾಲದ ಒಂದು ಶಬ್ದದ ವಿಷಯದಲ್ಲಿ ಇಂಥ ಊಹೆಗೆ ಎಡೆಯೇ ಇಲ್ಲ. ಅದಕ್ಕೆ ಲಕ್ಷಣವನ್ನು ಹೇಳಿದ ಸಂಸ್ಥೆ, ಆ ಲಕ್ಷಣವು ಸಡಿಲವಾದ ತಿಂಗಳು, ಸಡಿಲಿಸಿದವರ ಹೆಸರು, ಅದರಿಂದ ಅವರಿಗಾದ ಲಾಭ—ಎಲ್ಲವೂ ದಾಖಲೆಯಲ್ಲಿವೆ. ಆ ಶಬ್ದವೇ ‘೪ಜಿ’. ಬಿಡಿಸಿ ಹೇಳಿದರೆ, ಸಂಚಾರಿ ದೂರವಾಣಿಯ ‘ನಾಲ್ಕನೆಯ ತಲೆಮಾರು’.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೨೦೦೮ರಿಂದ ೨೦೧೨ರ ವರೆಗೆ ನಾಲ್ಕು ಮೊಬೈಲ್ ಕಂಪೆನಿಗಳು ಒಂದರೊಡನೊಂದು ಪೈಪೋಟಿ ನಡೆಸಿ ತಮ್ಮ ಹೊಸ ಜಾಲಗಳನ್ನು ಹರಡಿದುವು. ಆ ಪೈಪೋಟಿಯ ನಡುವೆ ಈ ಶಬ್ದಕ್ಕೆ ಏನಾಯಿತೆಂಬುದನ್ನು ನಿರೂಪಿಸಿ, ನಮ್ಮ ಆಲಂಕಾರಿಕರು ಶಬ್ದವೃತ್ತಿಗಳ ವಿಷಯದಲ್ಲಿ ಹೇಳಿರುವ ತತ್ತ್ವಗಳಿಂದ ಅದನ್ನು ಪರೀಕ್ಷಿಸಬೇಕೆಂಬುದು ಈ ಲೇಖನದ ಉದ್ದೇಶ.

೨

ಮೊದಲು ವಸ್ತುವಿನ ಪರಿಚಯ. ‘ಜಿ’ ಎಂಬುದು ತಲೆಮಾರು ಎಂಬರ್ಥದ ‘ಜನರೇಷನ್’ ಎಂಬ ಇಂಗ್ಲಿಷ್ ಪದದ ಮೊದಲಕ್ಷರ. ಅಮೆರಿಕದಲ್ಲಿ ಸಂಚಾರಿ ದೂರವಾಣಿಯ ವಾಣಿಜ್ಯ ಸೇವೆಯು ೧೯೮೩ರ ಅಕ್ಟೋಬರಿನಲ್ಲಿ ಶಿಕಾಗೊ ನಗರದಲ್ಲಿ ಪ್ರಾರಂಭವಾಯಿತು. ಆಗ ಧ್ವನಿಯ ಏರಿಳಿತವನ್ನು ಹಾಗೆಯೇ ರೇಡಿಯೊ ಅಲೆಯ ಮೇಲೆ ಏರಿಸಿ ಕಳುಹಿಸುತ್ತಿದ್ದರು. ೧೯೯೧ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾದ ಜಿಎಸ್ಎಂ ಪದ್ಧತಿಯಲ್ಲಿ ಧ್ವನಿಯನ್ನು ಅಂಕೆಗಳಾಗಿ ಮಾರ್ಪಡಿಸಿ ಕಳುಹಿಸುವ ಕ್ರಮ ಬಂದಿತು. ೨೦೦೧ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಮೊದಲಾದ ಮೂರನೆಯ ಪದ್ಧತಿಯು ಮಾತಿನ ಜೊತೆಗೆ ಬರಹ, ಚಿತ್ರ ಮೊದಲಾದ ದತ್ತಾಂಶಗಳನ್ನೂ ತಕ್ಕಷ್ಟು ವೇಗದಿಂದ ಸಾಗಿಸಬಲ್ಲುದಾಗಿದ್ದಿತು. ಎರಡನೆಯದು ಬಂದ ಮೇಲೆಯೇ ಮೊದಲಿನದಕ್ಕೆ ‘ಮೊದಲನೆಯ ತಲೆಮಾರು’ ಎಂಬ ಹೆಸರು ಸಂದಿತೆಂಬುದನ್ನು ಗಮನಿಸಬೇಕು. ತಮ್ಮನು ಹುಟ್ಟುವ ವರೆಗೆ ಯಾರೂ ಅಣ್ಣನಾಗುವುದಿಲ್ಲವಷ್ಟೆ.

ನಾಲ್ಕನೆಯದೆಂದು ಕರೆಯಲಾದ ಪದ್ಧತಿಗಳಲ್ಲಿ ಮುಖ್ಯವಾದ ವಿಶೇಷಗಳು ಎರಡು. ಒಂದನೆಯದಾಗಿ, ವಿಶಾಲವಾದ ಒಂದು ತರಂಗಾಂತರಪಟ್ಟಿಯನ್ನು ಅನೇಕ ಕಿರಿದಾದ ಎಳೆಗಳಾಗಿ ಸೀಳಿ, ಸಂದೇಶವನ್ನು ಆ ಎಳೆಗಳಿಗೆಲ್ಲ ಹಂಚಿ ಏಕಕಾಲದಲ್ಲಿ ಕಳುಹಿಸುತ್ತಾರೆ. ಒಂದೇ ಬಂಡಿಯನ್ನು ಅತಿವೇಗದಿಂದ ಓಡಿಸುವುದಕ್ಕೆ ಬದಲಾಗಿ, ನೂರಾರು ಬಂಡಿಗಳನ್ನು ನೂರಾರು ಸಾಲುಗಳಲ್ಲಿ ನಿಧಾನವಾಗಿ ಬಿಟ್ಟಂತೆ. ಕಟ್ಟಡಗಳಿಗೆ ತಗಲಿ ಪ್ರತಿಫಲಿಸಿ ತಡವಾಗಿ ಬರುವ ಅಲೆಗಳಿಂದ ಇಂಥ ನಿಧಾನವಾದ ಎಳೆಗಳಿಗೆ ಕೆಡುಕು ಕಡಮೆ. ಎರಡನೆಯದಾಗಿ, ಮಾತಿಗೊಂದು ದಾರಿ ದತ್ತಾಂಶಕ್ಕೊಂದು ದಾರಿ ಎಂಬ ಹಳೆಯ ಭೇದವನ್ನು ತೊಡೆದು, ಮಾತನ್ನೂ ದತ್ತಾಂಶದ ಪೊಟ್ಟಣಗಳಾಗಿಯೇ ಕಟ್ಟಿ ಕಳುಹಿಸುವ ಏರ್ಪಾಡು ಇದರಲ್ಲಿದೆ. ಈ ಎರಡನೆಯ ವಿಶೇಷವು ಮುಂದೆ ನಮ್ಮ ವಿಚಾರಕ್ಕೆ ಬೇಕಾಗುವುದು.

೩

೧೮೬೫ರಲ್ಲಿ ತಂತಿ ವ್ಯವಹಾರಕ್ಕಾಗಿ ಸ್ಥಾಪಿತವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಇಂದು ವಿಶ್ವಸಂಸ್ಥೆಯ ಒಂದು ಅಂಗ. ಅದರ ಕೇಂದ್ರ ಜಿನೀವಾ. ರೇಡಿಯೊ ಪದ್ಧತಿಗಳಿಗೆ ಲಕ್ಷಣವನ್ನು ಹೇಳುವ ಅಧಿಕಾರವು ಸರ್ವಸಮ್ಮತಿಯಿಂದ ಈ ಸಂಸ್ಥೆಗೆ ಸಂದಿದೆ. ಮೂರನೆಯದರ ಮುಂದಿನ ಪದ್ಧತಿಗೆ ಅದು ೨೦೦೮ರಲ್ಲಿ ‘ಐಎಂಟಿ-ಅಡ್ವಾನ್ಸ್ಡ್’ ಎಂಬ ಶಾಸ್ತ್ರೀಯ ನಾಮದ ಕೆಳಗೆ ಅರ್ಹತೆಗಳನ್ನು ಗೊತ್ತುಮಾಡಿತು. ವೇಗವಾಗಿ ಚಲಿಸುತ್ತಿರುವವನಿಗೆ ಸೆಕೆಂಡಿಗೆ ೧೦ ಕೋಟಿ ಬಿಟ್, ನಿಂತಿರುವವನಿಗೆ ಅಥವಾ ಮೆಲ್ಲಗೆ ನಡೆಯುವವನಿಗೆ ೧೦೦ ಕೋಟಿ ಬಿಟ್—ಇವು ಅದರ ಗುರಿಗಳು. ೨೦೧೦ರ ಅಕ್ಟೋಬರಿನಲ್ಲಿ ಒಕ್ಕೂಟವು ಬಂದ ಸೂಚನೆಗಳನ್ನೆಲ್ಲ ಪರಿಶೀಲಿಸಿ, ಎರಡೇ ಪದ್ಧತಿಗಳು ಈ ಲಕ್ಷಣಕ್ಕೆ ಒಳಪಡುವುವೆಂದು ನಿರ್ಣಯಿಸಿತು: ಒಂದು ಎಲ್‌ಟಿಇ-ಅಡ್ವಾನ್ಸ್ಡ್, ಇನ್ನೊಂದು ವೈಮ್ಯಾಕ್ಸಿನ ಮುಂದುವರಿದ ರೂಪ. ಆ ದಿನ ಅಮೆರಿಕದಲ್ಲಿ ಯಾವ ಕಂಪೆನಿಯೂ ಈ ಎರಡರಲ್ಲಿ ಒಂದನ್ನೂ ನಡೆಸುತ್ತಿರಲಿಲ್ಲ. ಆದುದರಿಂದ ಲಕ್ಷಣದ ಪ್ರಕಾರ ಆ ದೇಶದಲ್ಲಿ ೪ಜಿ ಎಂಬುದು ಇನ್ನೂ ಹುಟ್ಟಿರಲಿಲ್ಲ. ಆದರೆ ಅದರ ಹೆಸರು ಆಗಲೇ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದಿತು.

೪

ಮೊದಲು ಹೊರಟುದು ಸ್ಪ್ರಿಂಟ್ ಕಂಪೆನಿ. ಅದರ ಕೈಯಲ್ಲಿ ೨೫೦೦ ಮೆಗಾಹರ್ಟ್ಸ್ ಆಸುಪಾಸಿನ ತರಂಗಾಂತರವು ಹೇರಳವಾಗಿದ್ದಿತು. ೨೦೦೮ರ ಸೆಪ್ಟೆಂಬರಿನಲ್ಲಿ ಬಾಲ್ಟಿಮೋರ್ ನಗರದಲ್ಲಿ ಅದು ವೈಮ್ಯಾಕ್ಸ್ ಸೇವೆಯನ್ನು ಆರಂಭಿಸಿ, ಅದೇ ವರ್ಷದ ಕೊನೆಗೆ ತನ್ನ ಈ ವಿಭಾಗವನ್ನು ಕ್ಲಿಯರ್‌ವೈರ್ ಎಂಬ ಕಂಪೆನಿಯೊಡನೆ ಸೇರಿಸಿತು. ೨೦೧೦ರ ಜೂನಿನಲ್ಲಿ ‘ಇವೊ ೪ಜಿ’ ಎಂಬ ಫೋನನ್ನು ಮಾರಾಟಕ್ಕೆ ತಂದು, ಅದನ್ನು ಕೊಂಡವರಿಂದ ತಿಂಗಳಿಗೆ ೧೦ ಡಾಲರು ಹೆಚ್ಚುವರಿ ಶುಲ್ಕವನ್ನು ಪಡೆಯಿತು. ಕೊಂಡವನು ವಾಸಿಸುವ ಊರಿಗೆ ವೈಮ್ಯಾಕ್ಸ್ ಬಂದಿರಲಿ ಬಾರದಿರಲಿ, ಈ ಶುಲ್ಕ ತಪ್ಪುತ್ತಿರಲಿಲ್ಲ. ಹೇಳಿಕೊಂಡ ಸಾಮಾನ್ಯ ವೇಗ ಸೆಕೆಂಡಿಗೆ ೩೦ ಲಕ್ಷದಿಂದ ೬೦ ಲಕ್ಷ ಬಿಟ್. ಮೇಲಾಗಿ ಅಷ್ಟು ಎತ್ತರದ ಕಂಪನದ ಅಲೆಗಳು ಗೋಡೆಗಳನ್ನು ದಾಟಿ ಮನೆಯೊಳಕ್ಕೆ ಬರುವುದು ಕಷ್ಟ.

ಎರಡನೆಯದು ವೆರೈಜನ್. ದೂರದರ್ಶನ ಪ್ರಸಾರವು ಹಳೆಯ ಕ್ರಮದಿಂದ ಅಂಕೀಯ ಕ್ರಮಕ್ಕೆ ಬದಲಾಗುವುದರಿಂದ ತೆರವಾಗಲಿದ್ದ ೭೦೦ ಮೆಗಾಹರ್ಟ್ಸ್ ಪಟ್ಟಿಯನ್ನು ಅಮೆರಿಕ ಸರ್ಕಾರವು ೨೦೦೮ರ ಆರಂಭದಲ್ಲಿ ಹರಾಜು ಹಾಕಿತು. ಸುಮಾರು ೧,೯೦೦ ಕೋಟಿ ಡಾಲರು ಬಂದ ಆ ಹರಾಜಿನಲ್ಲಿ ದೊಡ್ಡ ಪಾಲನ್ನು ಕೊಂಡುದು ವೆರೈಜನ್. ಕಡಮೆ ಕಂಪನದ ಅಲೆಗಳು ದೂರ ಹೋಗುತ್ತವೆ, ಗೋಡೆಗಳನ್ನೂ ಹೊಗುತ್ತವೆ. ಆದುದರಿಂದ ಕಡಮೆ ಗೋಪುರಗಳಿಂದ ಹೆಚ್ಚು ನೆಲವನ್ನು ಆವರಿಸಬಹುದು. ಈ ಪಟ್ಟಿಯಲ್ಲಿ ಅದು ೨೦೧೦ರ ಡಿಸೆಂಬರ್ ೫ರಂದು ೩೮ ಮಹಾನಗರ ಪ್ರದೇಶಗಳಲ್ಲಿ ಒಮ್ಮೆಗೇ ಎಲ್‌ಟಿಇ ಸೇವೆಯನ್ನು ತೆರೆಯಿತು. ಇದು ಲೋಕದಲ್ಲಿ ಮೊದಲನೆಯದೇನೂ ಅಲ್ಲ. ಸ್ಟಾಕ್‌ಹೋಮ್ ಮತ್ತು ಆಸ್ಲೊ ನಗರಗಳಲ್ಲಿ ಟೆಲಿಯಾಸೊನೆರಾ ಕಂಪೆನಿಯು ಒಂದು ವರ್ಷ ಮುಂಚೆಯೇ, ೨೦೦೯ರ ಡಿಸೆಂಬರಿನಲ್ಲಿ, ಇದೇ ಸೇವೆಯನ್ನು ಆರಂಭಿಸಿದ್ದಿತು. ವೆರೈಜನ್ ಹೇಳಿಕೊಂಡ ವೇಗ ಸೆಕೆಂಡಿಗೆ ೫೦ ಲಕ್ಷದಿಂದ ೧ ಕೋಟಿ ೨೦ ಲಕ್ಷ ಬಿಟ್. ಇದು ವೈಮ್ಯಾಕ್ಸಿಗಿಂತ ಮೇಲಾದರೂ ಒಕ್ಕೂಟದ ಗುರಿಗೆ ಬಹಳ ದೂರ.

ಮೂರನೆಯದಾದ ಟಿ-ಮೊಬೈಲ್ ಕಂಪೆನಿಯ ಸ್ಥಿತಿ ಬೇರೆ. ಎಲ್‌ಟಿಇ ಹರಡುವುದಕ್ಕೆ ತಕ್ಕ ತರಂಗಾಂತರವು ಆಗ ಅದರಲ್ಲಿ ಬಿಡುವಾಗಿರಲಿಲ್ಲ. ಆದುದರಿಂದ ಅದು ಮೂರನೆಯ ತಲೆಮಾರಿನ ಜಾಲವನ್ನೇ ತಿದ್ದಿ ಬೆಳೆಸಿದ ‘ಎಚ್‌ಎಸ್‌ಪಿಎ ಪ್ಲಸ್’ ಎಂಬ ಪದ್ಧತಿಯನ್ನು ಹರಡಿತು. ಇದರ ತಾತ್ತ್ವಿಕ ಪರಮಾವಧಿ ಸೆಕೆಂಡಿಗೆ ೨ ಕೋಟಿ ೧೦ ಲಕ್ಷ ಬಿಟ್. ೨೦೧೦ರ ನವೆಂಬರಿನಲ್ಲಿ ಈ ಜಾಲವನ್ನೇ ಅದು ಅಮೆರಿಕದ ಅತ್ಯಂತ ದೊಡ್ಡ ೪ಜಿ ಜಾಲವೆಂದು ಸಾರತೊಡಗಿತು.

ನಾಲ್ಕನೆಯದಾದ ಎಟಿ ಅಂಡ್ ಟಿ, ಮೊದಲು ಇದನ್ನು ಒಪ್ಪದೆ ಇದ್ದು, ೨೦೧೧ರ ಜನವರಿಯಲ್ಲಿ ತಾನೂ ಅದೇ ದಾರಿಯನ್ನು ಹಿಡಿಯಿತು. ಅದರ ನಿಜವಾದ ಎಲ್‌ಟಿಇ ಸೇವೆ ಆರಂಭವಾದುದು ಆ ವರ್ಷದ ಸೆಪ್ಟೆಂಬರಿನಲ್ಲಿ, ಐದು ನಗರಗಳಲ್ಲಿ. ೨೦೧೨ರ ಮಾರ್ಚಿನಲ್ಲಿ ಆಪಲ್ ಕಂಪೆನಿಯು ತನ್ನ ಫೋನಿನ ತಂತ್ರಾಂಶವನ್ನು ಹೊಸದುಮಾಡಿದಾಗ, ಎಟಿ ಅಂಡ್ ಟಿ ಗಿರಾಕಿಗಳ ಐಫೋನ್ ೪ಎಸ್ ಮೇಲ್ಗಡೆ ಹಿಂದಿನ ದಿನದ ವರೆಗೆ ‘೩ಜಿ’ ಎಂದಿದ್ದ ಕಡೆ ‘೪ಜಿ’ ಎಂಬ ಅಕ್ಷರಗಳು ಮೂಡಿದುವು. ಫೋನೂ ಅದೇ, ಗೋಪುರವೂ ಅದೇ, ಅಲೆಯೂ ಅದೇ. ನಾಮವೊಂದು ಮಾತ್ರ ಬೇರೆ.

೫

ಹೀಗೆ ಪೇಟೆಯಲ್ಲಿ ಒಂದೇ ಹೆಸರು ಮೂರು ಭಿನ್ನವಾದ ವಸ್ತುಗಳಿಗೆ ಸಲ್ಲುತ್ತಿರಲು, ಲಕ್ಷಣಕಾರರು ಏನು ಮಾಡಿದರು? ವೆರೈಜನ್ ತನ್ನ ಸೇವೆಯನ್ನು ತೆರೆದ ಮರುದಿನವೇ, ಅಂದರೆ ೨೦೧೦ರ ಡಿಸೆಂಬರ್ ೬ರಂದು, ಒಕ್ಕೂಟವು ಒಂದು ಪ್ರಕಟಣೆಯನ್ನು ಹೊರಡಿಸಿತು. ಐಎಂಟಿ-ಅಡ್ವಾನ್ಸ್ಡ್ ಎಂಬುದನ್ನು ೪ಜಿ ಎಂದು ಭಾವಿಸುವರಾದರೂ, ಆ ಪದಕ್ಕೆ ನಿಯತವಾದ ಲಕ್ಷಣವಿಲ್ಲವೆಂದೂ, ಎಲ್‌ಟಿಇ, ವೈಮ್ಯಾಕ್ಸ್ ಎಂಬ ಪೂರ್ವರೂಪಗಳಿಗೂ, ಆರಂಭದ ಮೂರನೆಯ ತಲೆಮಾರಿಗಿಂತ ಗಣನೀಯವಾಗಿ ಸುಧಾರಿಸಿದ ಇತರ ಪದ್ಧತಿಗಳಿಗೂ ಅದನ್ನು ಪ್ರಯೋಗಿಸಬಹುದೆಂದೂ ಅದರಲ್ಲಿ ಒಪ್ಪಿಕೊಂಡಿತ್ತು. ಆರೇಳು ವಾರಗಳ ಹಿಂದೆ ಎರಡಕ್ಕೆ ಮಾತ್ರ ಮುಚ್ಚಿದ್ದ ಬಾಗಿಲು ಹೀಗೆ ಎಲ್ಲರಿಗೂ ತೆರೆಯಿತು. ಪ್ರಯೋಗಶರಣರಾದ ವೈಯಾಕರಣರು ಶಿಷ್ಟರ ಪ್ರಯೋಗವನ್ನು ಕಂಡು ಸೂತ್ರವನ್ನು ಸಡಿಲಿಸುವುದುಂಟು. ಇಲ್ಲಿ ಶಿಷ್ಟರ ಸ್ಥಾನದಲ್ಲಿ ನಿಂತವರು ಜಾಹೀರಾತುದಾರರು.

ಇದಕ್ಕೆ ಪ್ರತಿಯಾಗಿ ಅರ್ಥವನ್ನು ಸ್ಥಿರಪಡಿಸುವ ಒಂದು ಯತ್ನವೂ ನಡೆಯಿತು. ೨೦೧೧ರ ಜೂನಿನಲ್ಲಿ ಅಮೆರಿಕದ ಪ್ರತಿನಿಧಿಸಭೆಯ ಸದಸ್ಯೆ ಆನಾ ಎಶೂ ಅವರು ಒಂದು ಮಸೂದೆಯನ್ನು ಮಂಡಿಸಿದರು. ೪ಜಿ ಎಂದು ಮಾರುವವರು ಅದರ ಪದ್ಧತಿ ಯಾವುದು, ಖಾತರಿಯಾದ ಕನಿಷ್ಠ ವೇಗವೆಷ್ಟು, ಎಲ್ಲೆಲ್ಲಿ ದೊರೆಯುವುದು ಎಂಬುದನ್ನು ಗಿರಾಕಿಗೆ ತಿಳಿಸಬೇಕೆಂಬುದು ಅದರ ತಾತ್ಪರ್ಯ. ಶಬ್ದವನ್ನು ನಿಷೇಧಿಸದೆ, ಅದರ ಜೊತೆಗೆ ಅರ್ಥವನ್ನೂ ಹೇಳಿರಿ ಎಂದಷ್ಟೇ ಕೇಳಿದ ಈ ಮಸೂದೆ ಕಾನೂನಾಗಲಿಲ್ಲ.

೬

ಇನ್ನು ಅರ್ಥವಿಚಾರಕ್ಕೆ ಬರೋಣ. ಟಿ-ಮೊಬೈಲಿನ ಪ್ರಯೋಗವನ್ನು ಲಕ್ಷಣಾವೃತ್ತಿಯೆಂದು ಸಮರ್ಥಿಸಬಹುದೇ? ಮಮ್ಮಟನೇ ಮೊದಲಾದವರ ಮತದಲ್ಲಿ ಲಕ್ಷಣೆಗೆ ಮೂರು ಹೇತುಗಳು ಬೇಕು: ಮುಖ್ಯಾರ್ಥಕ್ಕೆ ಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ. ಗಂಗಾನದಿಯಲ್ಲಿ ಗೊಲ್ಲರ ಹಟ್ಟಿಯಿದೆಯೆಂಬ ಪ್ರಸಿದ್ಧ ಉದಾಹರಣೆಯನ್ನು ವಾಚಕರೆಲ್ಲ ಬಲ್ಲರು. ಪ್ರವಾಹದ ಮೇಲೆ ಹಟ್ಟಿ ನಿಲ್ಲದು; ಆದುದರಿಂದ ದಡವೆಂಬ ಅರ್ಥವು ಬರುತ್ತದೆ. ಗಂಗೆಯ ತಂಪೂ ಪಾವನತ್ವವೂ ದಡಕ್ಕೆ ಸಲ್ಲಲಿ ಎಂಬುದು ಪ್ರಯೋಜನ.

ನಮ್ಮ ಉದಾಹರಣೆಯಲ್ಲಿ ಸಂಬಂಧವುಂಟು: ಹಳೆಯ ಜಾಲವು ಹೊಸದರ ನೆರೆಯದು, ವೇಗದಲ್ಲಿಯೂ ಅದಕ್ಕೆ ಸಮೀಪ. ಪ್ರಯೋಜನವಂತೂ ಸ್ಪಷ್ಟ: ಹೊಸದರ ಕಾಂತಿಯು ಹಳೆಯದಕ್ಕೆ ಸಲ್ಲಬೇಕು. ಇಲ್ಲದಿರುವುದು ಮೊದಲನೆಯ ಹೇತು. ಗಂಗೆಯ ಮೇಲೆ ಹಟ್ಟಿ ನಿಲ್ಲದೆಂಬುದು ಹೇಳುವವನಿಗೆ ಗೊತ್ತಿರುವಂತೆಯೇ ಕೇಳುವವನಿಗೂ ಗೊತ್ತು. ಆ ಸಮಾನವಾದ ತಿಳಿವಳಿಕೆಯಿಂದಲೇ ಮುಖ್ಯಾರ್ಥಕ್ಕೆ ಬಾಧೆ ತೋರಿ ಲಕ್ಷ್ಯಾರ್ಥವು ಹೊಳೆಯುತ್ತದೆ. ೪ಜಿ ಫೋನನ್ನು ಕೊಳ್ಳಲು ಅಂಗಡಿಗೆ ಹೋದವನಿಗೆ ಅಲೆಯನ್ನು ಕಣ್ಣಿನಿಂದ ಕಾಣುವ ಉಪಾಯವಿಲ್ಲ. ಫಲಕದ ಮೇಲಿನ ಅಕ್ಷರವೇ ಅವನಿಗೆ ಪ್ರಮಾಣ. ಅವನಿಗೆ ಬಾಧೆಯೇ ತೋರದ ಕಾರಣ ಅವನು ಮುಖ್ಯಾರ್ಥವನ್ನೇ ಗ್ರಹಿಸಿ ದುಡ್ಡು ಕೊಡುತ್ತಾನೆ. ಹೇಳುವವನಲ್ಲಿ ಲಕ್ಷಣೆ, ಕೇಳುವವನಲ್ಲಿ ಅಭಿಧೆ—ಇಂಥ ಪ್ರಯೋಗಕ್ಕೆ ಕಾವ್ಯಶಾಸ್ತ್ರದಲ್ಲಿ ಹೆಸರಿಲ್ಲ. ಧರ್ಮಶಾಸ್ತ್ರದ ವ್ಯವಹಾರಪ್ರಕರಣದಲ್ಲಿ ಅದಕ್ಕೆ ಎಡೆಯುಂಟು.

ಪೂರ್ವಪಕ್ಷಕ್ಕೂ ನ್ಯಾಯವಾಗಬೇಕು. ಕೆಲವೆಡೆ ಟಿ-ಮೊಬೈಲಿನ ತಿದ್ದಿದ ಜಾಲವು ಸ್ಪ್ರಿಂಟಿನ ವೈಮ್ಯಾಕ್ಸಿಗೆ ಸಮನಾದ ವೇಗವನ್ನು ನಿಜವಾಗಿಯೂ ಕೊಡುತ್ತಿದ್ದಿತು. ವೈಮ್ಯಾಕ್ಸ್, ಎಲ್‌ಟಿಇಗಳೂ ಒಕ್ಕೂಟದ ಗುರಿಯನ್ನು ಮುಟ್ಟಿರಲಿಲ್ಲ. ಅವರಿಬ್ಬರೂ ಹೆಸರನ್ನು ಎತ್ತಿಕೊಂಡಿರುವಾಗ ತಾನೊಬ್ಬನೇ ಸತ್ಯವ್ರತನಾಗಿ ವ್ಯಾಪಾರವನ್ನು ಕಳೆದುಕೊಳ್ಳಬೇಕೆಂದು ಹೇಳುವುದು ಕಷ್ಟ. ಉಪಯೋಗಿಸುವವನಿಗೆ ಬೇಕಾದುದು ಫಲ, ಮರದ ಜಾತಿಯಲ್ಲ ಎಂಬ ವಾದವೂ ತಳ್ಳತಕ್ಕುದಲ್ಲ. ಆದರೆ ಫಲವೇ ಮುಖ್ಯವಾದರೆ ಫಲವನ್ನೇ ಹೇಳಬಹುದಾಗಿದ್ದಿತು: ಸೆಕೆಂಡಿಗೆ ಇಷ್ಟು ಬಿಟ್ ಎಂದು. ‘ನಾಲ್ಕನೆಯ’ ಎಂಬ ಪೂರಣವಾಚಕವು ವೇಗವನ್ನು ಹೇಳುವುದಿಲ್ಲ, ವಂಶಕ್ರಮವನ್ನು ಹೇಳುತ್ತದೆ. ಮೂರನೆಯದು ಹಿಂದಾಯಿತು, ಇದು ಅದರ ಮುಂದಿನದು ಎಂಬ ಭರವಸೆ ಆ ಶಬ್ದದ ಒಳಗೇ ಇದೆ. ಆ ಭರವಸೆ ಎಷ್ಟರಮಟ್ಟಿಗೆ ನಿಂತಿತೆಂಬುದನ್ನು ಕಾಲವೇ ಪರೀಕ್ಷಿಸಿತು.

೭

ಸ್ಪ್ರಿಂಟ್ ೨೦೧೨ರ ಜುಲೈಯಲ್ಲಿ ಎಲ್‌ಟಿಇಗೆ ತಿರುಗಿ, ೨೦೧೫ರ ನವೆಂಬರಿನಲ್ಲಿ ವೈಮ್ಯಾಕ್ಸ್ ಜಾಲವನ್ನು ಮುಚ್ಚಲಾರಂಭಿಸಿತು. ಆ ಜಾಲವನ್ನು ಅವಲಂಬಿಸಿ ಶಾಲೆ, ಗ್ರಂಥಾಲಯ, ಬಡಕುಟುಂಬಗಳಿಗೆ ಸೇವೆ ಒದಗಿಸುತ್ತಿದ್ದ ಧರ್ಮಸಂಸ್ಥೆಗಳು ನ್ಯಾಯಾಲಯಕ್ಕೆ ಹೋದುದರಿಂದ ಕೆಲವು ನಗರಗಳಲ್ಲಿ ಅದು ಕೆಲವು ತಿಂಗಳು ಹೆಚ್ಚಾಗಿ ಉಳಿಯಿತು. ಟಿ-ಮೊಬೈಲನ್ನು ೩,೯೦೦ ಕೋಟಿ ಡಾಲರಿಗೆ ಕೊಳ್ಳಲು ಎಟಿ ಅಂಡ್ ಟಿ ೨೦೧೧ರ ಮಾರ್ಚಿನಲ್ಲಿ ಒಪ್ಪಂದ ಮಾಡಿಕೊಂಡರೂ, ಸರ್ಕಾರವು ಸ್ಪರ್ಧೆ ಕುಗ್ಗುವುದೆಂದು ದಾವೆ ಹೂಡಿದುದರಿಂದ ಡಿಸೆಂಬರಿನಲ್ಲಿ ಅದನ್ನು ಕೈಬಿಡಬೇಕಾಯಿತು. ಒಪ್ಪಂದ ಮುರಿದುದಕ್ಕಾಗಿ ತೆತ್ತ ಹಣದೊಡನೆ ತರಂಗಾಂತರವನ್ನೂ ಪಡೆದ ಟಿ-ಮೊಬೈಲ್ ೨೦೧೩ರ ಮಾರ್ಚಿನಲ್ಲಿ ತನ್ನ ಎಲ್‌ಟಿಇ ಸೇವೆಯನ್ನು ತೆರೆಯಿತು. ೨೦೨೦ರ ಏಪ್ರಿಲಿನಲ್ಲಿ ಸ್ಪ್ರಿಂಟ್ ಕಂಪೆನಿಯೇ ಟಿ-ಮೊಬೈಲಿನಲ್ಲಿ ಲೀನವಾಯಿತು.

ನಮ್ಮ ಪ್ರಶ್ನೆಗೆ ನಿರ್ಣಾಯಕವಾದ ಸಂಗತಿ ೨೦೨೨ರದು. ಆ ವರ್ಷದ ಫೆಬ್ರವರಿ ೨೨ರಂದು ಎಟಿ ಅಂಡ್ ಟಿ ತನ್ನ ‘೩ಜಿ’ ಜಾಲವನ್ನು ಮುಚ್ಚಿತು. ಜುಲೈಯಲ್ಲಿ ಟಿ-ಮೊಬೈಲೂ ತನ್ನ ‘೩ಜಿ’ಯನ್ನು ಮುಚ್ಚತೊಡಗಿತು. ಹೀಗೆ ಮುಚ್ಚಿದ ಜಾಲ ಯಾವುದು? ೨೦೧೦–೧೧ರಲ್ಲಿ ೪ಜಿ ಎಂದು ಸಾರಿದ್ದ ಅದೇ ಎಚ್‌ಎಸ್‌ಪಿಎ ಪ್ಲಸ್! ಮಾರುವಾಗ ನಾಲ್ಕನೆಯದಾಗಿದ್ದುದು ಮುಚ್ಚುವಾಗ ಮೂರನೆಯದಾಯಿತು. ೨೦೧೧ರಲ್ಲಿ ಎಟಿ ಅಂಡ್ ಟಿ ಮಾರಿದ ‘ಏಟ್ರಿಕ್ಸ್ ೪ಜಿ’ ಎಂಬ ಫೋನಿನ ಹೆಸರಿನಲ್ಲಿಯೇ ನಾಲ್ಕು ಇದ್ದರೂ, ಅದರಲ್ಲಿ ಎಲ್‌ಟಿಇಯ ಶಕ್ತಿ ಇರಲಿಲ್ಲ. ಎಲ್‌ಟಿಇ ಇದ್ದ ಹಲವು ಹಳೆಯ ಫೋನುಗಳಿಗೂ, ಮಾತನ್ನು ದತ್ತಾಂಶವಾಗಿ ಕಳುಹಿಸುವ ಏರ್ಪಾಡು ಇಲ್ಲದುದರಿಂದ, ಮಾತನಾಡುವ ದಾರಿ ಕಟ್ಟಿತು. ಮೇಲೆ ಹೇಳಿದ ಎರಡನೆಯ ವಿಶೇಷವು ಇಲ್ಲಿ ತನ್ನ ಬೆಲೆಯನ್ನು ತೋರಿಸಿತು. ತುರ್ತು ಕಾಲದಲ್ಲಿ ೯೧೧ ಸಂಖ್ಯೆಗೆ ಕರೆಮಾಡಲಾರದ ಫೋನನ್ನು ಇಟ್ಟುಕೊಂಡ ವೃದ್ಧನಿಗೆ ಇದು ಕೇವಲ ಶಬ್ದವಿವಾದವಲ್ಲ. ಮುಖ್ಯಾರ್ಥವನ್ನು ಎಷ್ಟು ಕಾಲ ಮರೆಮಾಡಿದರೂ ಅದು ವಸ್ತುವಿನಲ್ಲಿ ಹಾಗೆಯೇ ಇದ್ದು, ಲೆಕ್ಕ ತೀರಿಸುವ ದಿನ ಹೊರಕ್ಕೆ ಬರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಒಮ್ಮೆ ಫಲಿಸಿದ ಉಪಾಯವನ್ನು ಮರಳಿ ಪ್ರಯೋಗಿಸುವುದು ಲೋಕಸ್ವಭಾವ. ೨೦೧೮ರ ಕೊನೆಗೆ ಎಟಿ ಅಂಡ್ ಟಿ ತನ್ನ ಸುಧಾರಿಸಿದ ಎಲ್‌ಟಿಇ ಜಾಲಕ್ಕೆ ‘೫ಜಿ ಇ’ ಎಂಬ ಹೆಸರನ್ನಿಟ್ಟಿತು. ೨೦೧೯ರ ಫೆಬ್ರವರಿಯಲ್ಲಿ ಸ್ಪ್ರಿಂಟ್ ಇದರ ಮೇಲೆ ದಾವೆ ಹೂಡಿತು. ಆ ದಾವೆ ಏಪ್ರಿಲಿನಲ್ಲಿ ರಾಜಿಯಾಯಿತು. ಟಿ-ಮೊಬೈಲ್ ಜಾಹೀರಾತುಗಳ ಪರಿಶೀಲನಮಂಡಲಿಗೆ ದೂರು ಕೊಟ್ಟಿತು. ಈ ಹೆಸರು ಜನರನ್ನು ತಪ್ಪುದಾರಿಗೆ ಎಳೆಯಬಹುದೆಂದು ೨೦೨೦ರ ಮೇ ತಿಂಗಳಲ್ಲಿ ಮಂಡಲಿಯು ಅಭಿಪ್ರಾಯಪಡಲು, ಎಟಿ ಅಂಡ್ ಟಿ ಜಾಹೀರಾತಿನಲ್ಲಿ ಅದನ್ನು ಬಿಡಲು ಒಪ್ಪಿತು. ೨೦೧೦ರಲ್ಲಿ ಶಬ್ದವನ್ನು ಮೊದಲು ಹಿಗ್ಗಿಸಿದವರೇ ಹತ್ತು ವರ್ಷಗಳ ಮೇಲೆ ಶಬ್ದಶುದ್ಧಿಯ ಪಕ್ಷದಲ್ಲಿ ನಿಂತು ವಾದಿಸಿದರೆಂಬುದು ಇದರಲ್ಲಿ ಗಮನಾರ್ಹವಾದ ಅಂಶ.

೮

ಈ ಶಬ್ದವು ನಮ್ಮ ನಾಡಿಗೆ ಬಂದುದು ಅದರ ಮೇಲಣ ವಿವಾದವು ಮುಗಿದ ಬಳಿಕ. ೨೦೧೨ರ ಮೇ ತಿಂಗಳಲ್ಲಿ ಏರ್‌ಟೆಲ್ ಕಂಪೆನಿಯು, ಕಲ್ಕತ್ತೆಯಲ್ಲಿ ಆರಂಭಿಸಿದ ಮರುತಿಂಗಳಲ್ಲಿಯೇ, ಬೆಂಗಳೂರಿನಲ್ಲಿ ಎಲ್‌ಟಿಇ ಸೇವೆಯನ್ನು ೪ಜಿ ಎಂಬ ಹೆಸರಿನಿಂದ ತೆರೆಯಿತು. ೨೦೦೮ರ ಲಕ್ಷಣಕ್ಕೆ ಅದು ಒಳಪಡದಿದ್ದರೂ, ೨೦೧೦ರ ಡಿಸೆಂಬರಿನ ಪ್ರಕಟಣೆಯಿಂದ ಯಾರೂ ಅದನ್ನು ಆಕ್ಷೇಪಿಸುವಂತಿರಲಿಲ್ಲ. ಆದುದರಿಂದ ಕನ್ನಡಕ್ಕೆ ಬಂದ ‘೪ಜಿ’ಯು ಯೋಗಾರ್ಥವನ್ನು ಕಳೆದುಕೊಂಡು ರೂಢಿಯಾಗಿಯೇ ಬಂದಿತು. ಈಗ ಅದು ಪತ್ರಿಕೆಗಳಲ್ಲಿಯೂ ಪಠ್ಯಗಳಲ್ಲಿಯೂ ಸೇರಿಹೋಗಿರುವುದರಿಂದ ನಿಘಂಟುಕಾರರೂ ಉಪಾಧ್ಯಾಯರೂ ಅದನ್ನು ವಿವರಿಸಬೇಕಾದ ಪ್ರಸಂಗವುಂಟು. ‘ನಾಲ್ಕನೆಯ ತಲೆಮಾರಿನ ಸಂಚಾರಿ ಜಾಲ’ ಎಂದಷ್ಟೇ ಅರ್ಥ ಬರೆದರೆ ಅದು ಶಬ್ದವನ್ನು ಬಿಡಿಸಿದಂತಾಗುವುದೇ ಹೊರತು ವಸ್ತುವನ್ನು ತಿಳಿಸಿದಂತಾಗದು. ಮೂರು ಅರ್ಥಗಳನ್ನು ಬೇರೆಬೇರೆಯಾಗಿ ಕೊಡುವುದು ಯುಕ್ತ: ಮೊದಲನೆಯದು, ೨೦೦೮ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ವಿಧಿಸಿದ ಅರ್ಹತೆಗಳುಳ್ಳ ಪದ್ಧತಿ, ಎರಡನೆಯದು, ರೂಢಿಯಲ್ಲಿ, ಎಲ್‌ಟಿಇ ಜಾಲ, ಮೂರನೆಯದು, ಅಮೆರಿಕದಲ್ಲಿ ೨೦೧೦ರಿಂದ ಕೆಲವು ವರ್ಷಗಳ ವಾಣಿಜ್ಯ ಪ್ರಯೋಗದಲ್ಲಿ, ಸುಧಾರಿಸಿದ ಮೂರನೆಯ ತಲೆಮಾರಿನ ಜಾಲವೂ ಸಹ.

ಪಾರಿಭಾಷಿಕ ಶಬ್ದವೊಂದನ್ನು ಕೋಶಕ್ಕೆ ಸೇರಿಸುವಾಗ ಅದರ ಅರ್ಥದ ಜೊತೆಗೆ ಆ ಅರ್ಥವು ಯಾರದು, ಯಾವ ವರ್ಷದ್ದು ಎಂಬುದನ್ನೂ ಬರೆಯುವ ಪದ್ಧತಿಯನ್ನು ನಾವು ಇನ್ನು ಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. ಶಾಸ್ತ್ರಕಾರನೂ ವರ್ತಕನೂ ಒಂದೇ ಶಬ್ದವನ್ನು ಹಿಡಿದು ಎಳೆಯುತ್ತಿರುವಾಗ, ಯಾವ ಕಾಲದಲ್ಲಿ ಅದು ಯಾರ ಕೈಯಲ್ಲಿದ್ದಿತೆಂದು ಬರೆದಿಡತಕ್ಕವರು ಭಾಷೆಯನ್ನು ಅಭ್ಯಾಸಮಾಡುವವರೇ. ೬ಜಿ ಎಂಬ ಹೆಸರು ಈಗಾಗಲೇ ಕೇಳಿಬರುತ್ತಿದೆ. ೨೦೨೩ರಲ್ಲಿ ಒಕ್ಕೂಟವು ಅದಕ್ಕೆ ‘ಐಎಂಟಿ-೨೦೩೦’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟು ಗುರಿಗಳ ಮೊದಲ ರೂಪುರೇಖೆಯನ್ನು ಸಿದ್ಧಪಡಿಸಿದೆ. ಈ ಸಾರಿಯಾದರೂ ಲಕ್ಷಣವನ್ನು ಮೊದಲು ಗುರುತುಹಾಕಿಕೊಂಡು ಜಾಹೀರಾತನ್ನು ಆಮೇಲೆ ಓದುವ ಅವಕಾಶ ನಮಗಿದೆ.